ಹಾಸಿಗೆ ಅಂಗಡಿಯವರು ಜಾಗ ಹುಡುಕಿದ್ದು

ಮಾರ್ಚ್ 3, ಸೋಮವಾರ

ಇದನ್ನು ಬರೆಯದೆ ಬಿಟ್ಟುಬಿಡೋಣ ಎಂದೇ ಇದ್ದೆ. ನನ್ನದೇ ದಿನಚರಿ, ಯಾರೂ ಓದುವುದಿಲ್ಲ, ಆದರೂ ಮೊದಲ ಸಾಲಿಗೇ ಕೈ ಹಿಂಜರಿಯುತ್ತಿದೆ. ಇರಲಿ, ಬರೆದೇ ಬಿಡುತ್ತೇನೆ. ನನಗೆ ನಿದ್ದೆ ಬರುವುದಿಲ್ಲ.

ಬೇರೆ ಯಾರ ಮನೆಯಲ್ಲಾದರೂ ಇದು ಸಾಧಾರಣ ತೊಂದರೆ. ನಾನು ಸೊಸೆಯಾಗಿ ಬಂದಿರುವುದು ಹಾಸಿಗೆ ಅಂಗಡಿಯ ಮನೆಗೆ. ಅಂಗಡಿಯ ಬೋರ್ಡಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ 'ನಿಮ್ಮ ನಿದ್ದೆ ನಮ್ಮ ಜವಾಬ್ದಾರಿ' ಎಂದು ಬರೆದಿದೆ. ಆ ಮನೆಯ ಹಿರಿಸೊಸೆಗೇ ಕಣ್ಣು ಮುಚ್ಚುವುದಿಲ್ಲವೆಂದರೆ ಹೇಗೆ? ಛತ್ರಿ ಮಾರುವವನ ಹೆಂಡತಿ ಮಳೆಯಲ್ಲಿ ತೊಯ್ದುಕೊಂಡು ಓಡಾಡಿದ ಹಾಗೆ.

ಈ ಮನೆಯಲ್ಲಿ ಎಲ್ಲರಿಗೂ ನಿದ್ದೆ ಕರೆದರೆ ಬರುತ್ತದೆ. ನನ್ನ ಗಂಡನಿಗಂತೂ ಕರೆಯದೆಯೂ ಬರುತ್ತದೆ. ಮಾತು ಶುರುಮಾಡಿ, ಕ್ರಿಯಾಪದ ಬರುವುದರೊಳಗೆ ಗೊರಕೆ. ಮದುವೆಯಾದಾಗಿನಿಂದ ಅವರ ಎಷ್ಟೋ ವಾಕ್ಯಗಳ ಕೊನೆ ನನಗೆ ಇನ್ನೂ ಸಿಕ್ಕಿಲ್ಲ. ನಾವಿಬ್ಬರು ಬೇರೆ ಮನೆಯಲ್ಲಿದ್ದರೂ ಅತ್ತೆ ನಮ್ಮ ಮಂಚಕ್ಕೆ ಮೇಲಿಂದ ಮೇಲೆ ಹೊಸ ಹಾಸಿಗೆ ಕಳಿಸುತ್ತಾರೆ. ಹತ್ತಿ ಆಯಿತು, ರಬ್ಬರು ಆಯಿತು, ಸ್ಪ್ರಿಂಗು ಆಯಿತು. ಸ್ಟಾಕ್ ಖಾಲಿ ಮಾಡುವ ಉಪಾಯವಿರಬೇಕು.

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಆದರೆ ಔಷಧಿ ಕಂಪನಿಯಲ್ಲಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳನ್ನು ತಿದ್ದುವುದೇ ನನ್ನ ಕೆಲಸ. ಆ ಮಾತ್ರೆಯ ಅಡ್ಡಪರಿಣಾಮಗಳನ್ನು ತಿದ್ದಿದವಳು ನಾನೇ. ತಿದ್ದಿದ ಮೇಲೆ ನುಂಗುವ ಧೈರ್ಯ ಉಳಿಯಲಿಲ್ಲ. ಹಾಗಾದರೆ ದಿನಚರಿ ಬರೆಯಿರಿ ಎಂದರು.

ಬರೆಯಲು ಇವತ್ತೇ ಕಾರಣವೂ ಸಿಕ್ಕಿತು. ವರ್ಷಕ್ಕೊಮ್ಮೆ ನಮ್ಮ ಇಡೀ ಕುಟುಂಬ ಎಲ್ಲಾದರೂ ಎರಡು ರಾತ್ರಿ ಸೇರುತ್ತದೆ. ಒಂದೇ ಹಾಲಿನಲ್ಲಿ, ಸಾಲಾಗಿ ಹಾಸಿಗೆ ಹಾಕಿ, ಇಪ್ಪತ್ತೆರಡು ಜನ ಮಲಗುತ್ತಾರೆ. ಮೊದಲ ಬೆಳಿಗ್ಗೆ ಎಲ್ಲರಿಗಿಂತ ಕೊನೆಗೆ ಎದ್ದವರು ಮುಂದಿನ ವರ್ಷದ ಜಾಗ ಹುಡುಕಬೇಕು. ಇದು ಮಾವನ ಕಾಲದ ನಿಯಮ. ನಾನು ಒಮ್ಮೆಯೂ ಸಿಕ್ಕಿಬಿದ್ದಿಲ್ಲ. "ನಮ್ಮ ಸೊಸೆ ಕೋಳಿಗಿಂತ ಮೊದಲು ಏಳ್ತಾಳೆ" ಎಂದು ಅತ್ತೆ ಕಂಡವರಿಗೆಲ್ಲ ಹೇಳುತ್ತಾರೆ. ಮಲಗಿದ್ದರೆ ತಾನೇ ಏಳುವುದು?

ಇವತ್ತು ನಾದಿನಿ ತಕರಾರು ತೆಗೆದಳು. "ಅತ್ತಿಗೆ ಎಷ್ಟು ವರ್ಷ ತಪ್ಪಿಸ್ಕೊಳ್ತಾರೆ? ನಿಯಮ ಪಕ್ಕಕ್ಕಿಡಿ, ಈ ಸಲ ಅವರೇ ಹುಡುಕ್ಲಿ."

ನಾನು ತಕ್ಷಣ ಒಪ್ಪಿದೆ. ಎಲ್ಲರಿಗೂ ಆಶ್ಚರ್ಯ. ಹುಡುಕುವವಳು ನಾನೇ ಆದರೆ ಪ್ರತ್ಯೇಕ ಕೋಣೆಗಳಿರುವ ಜಾಗ ಹುಡುಕಬಹುದಲ್ಲ. ಬಾಗಿಲು ಹಾಕಿಕೊಂಡು ಎಚ್ಚರವಿದ್ದರೆ ಯಾರಿಗೆ ಗೊತ್ತಾಗುತ್ತದೆ?

ಮಾರ್ಚ್ 8, ಶನಿವಾರ

ಮೊದಲ ಜಾಗ ನೋಡಿ ಬಂದೆವು. ಕೆರೆಯ ಪಕ್ಕದ ರೆಸಾರ್ಟು. ನಾನೊಬ್ಬಳೇ ಹೋಗುತ್ತೇನೆಂದರೆ ಅತ್ತೆ ಕೇಳಲಿಲ್ಲ.

"ನೀನು ಹೋದ್ರೆ ಕಿಟಕಿ ನೋಡ್ತೀಯ, ಗೋಡೆ ಬಣ್ಣ ನೋಡ್ತೀಯ. ಹಾಸಿಗೆ ಮುಟ್ಟಿ ನೋಡೋರು ಬೇಡ್ವಾ?"

ಹೀಗೆ ಅತ್ತೆ, ನಾದಿನಿ, ಮೈದುನ ಮತ್ತು ನಾನು ಅಂಗಡಿಯ ವ್ಯಾನಿನಲ್ಲಿ ಹೊರಟೆವು. ಮೈದುನ ಹಾಸಿಗೆ ಹೊಲಿಯುತ್ತಾನೆ, ವ್ಯಾನೂ ಓಡಿಸುತ್ತಾನೆ. ಕೂತಲ್ಲಿ ಕೂರುವವನಲ್ಲವಾದ್ದರಿಂದ ಎಲ್ಲರೂ ಸ್ಪ್ರಿಂಗು ಎನ್ನುತ್ತಾರೆ. ಮುಂದೆ ಮೂವರಿಗೇ ಜಾಗ. ನಾನು ಹಿಂದೆ ಫೋಮಿನ ಸುರುಳಿಗಳ ಮೇಲೆ.

ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನಗೆ ಕೋಷ್ಟಕವಿಲ್ಲದೆ ಯಾವ ಕೆಲಸವೂ ಸಾಗುವುದಿಲ್ಲ. ಕೋಣೆ, ದೂರ, ನೀರು, ವಾಹನ ನಿಲ್ಲಿಸುವ ಜಾಗ ಎಂದೆಲ್ಲ ಗೆರೆ ಹಾಕಿಕೊಂಡು ಹೋಗಿದ್ದೆ. ನಾದಿನಿ ಇಣುಕಿ ನೋಡಿ, "ಅತ್ತಿಗೆ, ಇದ್ರಲ್ಲಿ ಹಾಸಿಗೆ ಅನ್ನೋ ಮಾತೇ ಇಲ್ವಲ್ಲ!" ಎಂದು ಎದೆ ಮುಟ್ಟಿಕೊಂಡಳು.

ರೆಸಾರ್ಟು ಚೆನ್ನಾಗಿತ್ತು. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ನನ್ನ ಕೋಷ್ಟಕದಲ್ಲಿ ಎಲ್ಲ ಕಡೆಯೂ ಸರಿ ಗುರುತು ಬಿತ್ತು. ಮ್ಯಾನೇಜರು ಟೈ ಸರಿಮಾಡಿಕೊಳ್ಳುತ್ತ ಕೆರೆಯ ಹಕ್ಕಿಗಳ ಬಗ್ಗೆ ವಿವರಿಸುತ್ತಿದ್ದರೆ, ಹಿಂದೆ ಈ ಮೂವರು ಮಂಚ ಬಿಚ್ಚುತ್ತಿದ್ದರು. ಹೊದಿಕೆ ನೆಲಕ್ಕೆ, ದಿಂಬು ಕುರ್ಚಿಗೆ, ಹಾಸಿಗೆ ಗೋಡೆಗೆ.

"ಇದು ಹಾಸಿಗೇನಾ?" ಅತ್ತೆ ಮುಷ್ಟಿಯಿಂದ ಗುದ್ದಿದರು. "ಬಿಸ್ಕತ್ತು."

ಮ್ಯಾನೇಜರು ಫೋನೆತ್ತಿಕೊಂಡು ಯಾರನ್ನೋ ಕರೆಯಲು ಓಡಿದರು. ಅಷ್ಟರಲ್ಲಿ ಅತ್ತೆ ಪಕ್ಕದ ಕೋಣೆ ಹೊಕ್ಕಾಗಿತ್ತು. ಪರದೆ ಎಳೆದಿದ್ದರಿಂದ ಒಳಗೆ ಕತ್ತಲೆ. ಅವರ ಪರೀಕ್ಷೆಗೆ ಒಂದು ಕ್ರಮವಿದೆ. ಮೊದಲು ಮುಷ್ಟಿ, ಆಮೇಲೆ ಮೊಣಕೈ, ಕೊನೆಗೆ ಇಡೀ ಮೈಭಾರ.

"ನೋಡು, ಇಲ್ಲಿ ಗಂಟಿದೆ. ಹತ್ತಿ ಎಲ್ಲ ಒಂದೇ ಕಡೆ ಸೇರ್ಕೊಂಡಿದೆ" ಎಂದು ಮೊಣಕೈ ಊರಿದರು.

"ಅಯ್ಯೋ, ಯಾರದು?" ಎಂದಿತು ಗಂಟು.

"ಅಮ್ಮಾ," ಸ್ಪ್ರಿಂಗು ಮೆಲ್ಲಗೆ ಹೇಳಿದ, "ಹತ್ತಿ ಮಾತಾಡಲ್ಲ."

ಹೊದಿಕೆಯೊಳಗಿಂದ ದಪ್ಪ ಮೀಸೆಯ ಗಂಡಸೊಬ್ಬರು ಎದ್ದು ಕೂತರು. ನಾನು ಬಾಗಿಲ ಹಿಂದೆ ಸರಿದುಕೊಂಡೆ. ಅತ್ತೆಗೆ ಯಾವ ಸಂಕೋಚವೂ ಆಗಲಿಲ್ಲ. "ಈ ಹಾಸಿಗೆ ಮೇಲೆ ಮಲಗಿದ್ರೆ ಸೊಂಟ ಹೋಗುತ್ತಪ್ಪ. ಈಗಾಗ್ಲೇ ನೋವು ಇರ್ಬೇಕಲ್ಲ?"

ಆ ಮನುಷ್ಯ ಸೊಂಟ ಒತ್ತಿ ನೋಡಿಕೊಂಡು, "ಇದೆ" ಎಂದರು. ಅತ್ತೆ ಅಂಗಡಿಯ ಕಾರ್ಡು ಕೊಟ್ಟರು.

ನಮ್ಮನ್ನು ಗೇಟಿನವರೆಗೆ ಬಿಟ್ಟುಬರಲು ಇಬ್ಬರು ಕಾವಲುಗಾರರು ಬಂದರು.

ವಾಪಸು ಬರುವಾಗ ತಪ್ಪು ಯಾರದೆಂದು ಮುಂದೆ ಮೂವರೂ ಕಿರುಚಾಡುತ್ತಿದ್ದರು. ನಾನು ಹಿಂದೆ ಕಣ್ಣು ಮುಚ್ಚಿಕೊಂಡು ಮುಂದೇನು ಮಾಡಬೇಕೆಂದು ಯೋಚಿಸಿದೆ. ಕಣ್ಣು ಬಿಟ್ಟಾಗ ವ್ಯಾನು ಅಂಗಡಿಯ ಮುಂದೆ ನಿಂತಿತ್ತು. ಸ್ಪ್ರಿಂಗುವಿಗೆ ಯಾವುದೋ ಅಡ್ಡದಾರಿ ಗೊತ್ತಿರಬೇಕು.

ಮಾರ್ಚ್ 16, ಭಾನುವಾರ

ಎರಡನೆಯ ಜಾಗ ಗುಡ್ಡದ ಮೇಲಿನ ಮೌನ ಕೇಂದ್ರ. ನಮ್ಮ ಮನೆಯವರನ್ನು ಮೌನ ಕೇಂದ್ರಕ್ಕೆ ಕರೆದೊಯ್ಯುವ ಯೋಚನೆ ನನಗೇಕೆ ಬಂತು ಎಂದು ಈಗ ಕೇಳಿಕೊಂಡರೆ ಉತ್ತರವಿಲ್ಲ. ಕೋಣೆಗಳು ಪ್ರತ್ಯೇಕ ಎಂದು ಓದಿದ್ದಷ್ಟೇ ತಲೆಯಲ್ಲಿತ್ತು.

ಬೂದು ಬಟ್ಟೆಯ ಹೆಂಗಸೊಬ್ಬರು ನಗುಮುಖದಿಂದ ಎದುರುಗೊಂಡರು. ಕೈಯಲ್ಲಿ ಸ್ಲೇಟು. ಮಾತಿಗೆ ಬದಲು ಅದರಲ್ಲಿ ಬರೆದು ತೋರಿಸುತ್ತಾರೆ. ಕೋಣೆಯಲ್ಲಿ ಒಂದು ಚಾಪೆ, ಒಂದು ನೀರಿನ ಲೋಟ, ಅಷ್ಟೇ.

"ಮಂಚ ಎಲ್ಲಿ?" ಅತ್ತೆ ಪಿಸುಗುಟ್ಟಿದರು. ಅವರ ಪಿಸುಮಾತು ಬೇರೆಯವರ ಕೂಗಿಗೆ ಸಮ. ಪಕ್ಕದ ಮೂರು ಕೋಣೆಗಳ ಬಾಗಿಲು ತೆರೆದವು.

ಹೆಂಗಸು ಚಾಪೆ ತೋರಿಸಿದರು.

"ಅದು ಗೊತ್ತಾಯ್ತು ತಾಯಿ. ಹಾಸಿಗೆ?"

ಅವರು ಸ್ಲೇಟಿನಲ್ಲಿ 'ತ್ಯಜಿಸಿದ್ದೇವೆ' ಎಂದು ಬರೆದರು.

"ಏನಂತೆ?" ಅತ್ತೆ ಕನ್ನಡಕ ತಂದಿರಲಿಲ್ಲ.

"ಬಿಟ್ಟುಬಿಟ್ಟಿದ್ದಾರಂತೆ" ಎಂದಳು ನಾದಿನಿ.

"ಬಿಟ್ಟಿದ್ದಾರಾ? ಯಾವ ಕಂಪನೀದು?"

"ಯಾರಿಗೆ ಕೊಟ್ರಂತೆ?" ಸ್ಪ್ರಿಂಗುವಿನ ಪ್ರಶ್ನೆ.

ನಾನು ನಾಚಿಕೆಯಿಂದ, ಒಂದು ಸಲ ಮಲಗಿ ನೋಡಬಹುದೇ ಎಂದು ಸನ್ನೆಯಲ್ಲಿ ಕೇಳಿದೆ. ಬಾಗಿಲು ಮುಚ್ಚಿದರು. ಅಷ್ಟು ನಿಶ್ಶಬ್ದವನ್ನು ನಾನು ಎಲ್ಲೂ ಕಂಡಿಲ್ಲ. ರೆಪ್ಪೆ ಬಡಿದ ಸದ್ದೂ ಕೇಳಿಸುವಂತಿತ್ತು. ಕಣ್ಣು ಇನ್ನಷ್ಟು ಅಗಲವಾಯಿತೇ ಹೊರತು ಬೇರೇನೂ ಆಗಲಿಲ್ಲ. ಆದರೇನಂತೆ, ಬಚ್ಚಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನಾನು ಬೇಕು ಎಂದೆ, ಉಳಿದ ಮೂವರೂ ಬೇಡ ಎಂದರು. ಹೆಂಗಸು ಸ್ಲೇಟಿನಲ್ಲಿ ಏನೋ ಬರೆದು, ಅತ್ತೆಯ ಮುಖ ನೋಡಿ, ಅಳಿಸಿಬಿಟ್ಟರು.

ದಾರಿಯುದ್ದಕ್ಕೂ ಹಾಸಿಗೆಯನ್ನು ತ್ಯಜಿಸುವುದು ಸರಿಯೋ ತಪ್ಪೋ ಎಂದು ವಾದ. ಇವತ್ತೂ ಬೇಗ ಮನೆ ತಲುಪಿದೆವು. ಆ ರಸ್ತೆ ಸರಿಯಿಲ್ಲ. ನನ್ನ ಕೆನ್ನೆಯ ಮೇಲೆಲ್ಲ ಫೋಮಿನ ಗೆರೆಗಳು ಮೂಡಿದ್ದವು.

ಮಾರ್ಚ್ 29, ಶನಿವಾರ

ಸಿಕ್ಕಿತು! ಹಡಗಿನ ನಿವೃತ್ತ ಕ್ಯಾಪ್ಟನ್ ಒಬ್ಬರ ಹಳೆಯ ಬಂಗಲೆ. ಉದ್ದನೆಯ ಪಡಸಾಲೆ, ಎರಡೂ ಬದಿಗೆ ಕೋಣೆಗಳು, ದಪ್ಪ ಗೋಡೆಗಳು, ಪ್ರತಿಯೊಂದಕ್ಕೂ ಒಳಗಿನಿಂದ ಚಿಲಕ. ಮಂಚಗಳೆಲ್ಲ ಹಡಗಿನ ಮರದಲ್ಲಿ ಅವರೇ ಮಾಡಿಸಿದ್ದು. ಒಂದರ ಅಳತೆ ಇನ್ನೊಂದಕ್ಕಿಲ್ಲ, ಕೆಲವಕ್ಕೆ ಮೂಲೆಗಳು ದುಂಡಗೆ.

ಅತ್ತೆ ಮುಷ್ಟಿ, ಮೊಣಕೈ, ಮೈಭಾರ ಮೂರನ್ನೂ ಮುಗಿಸಿ ನಿಟ್ಟುಸಿರು ಬಿಟ್ಟರು. "ಕ್ಯಾಪ್ಟನ್ರೇ, ಇದು ಯಾವಾಗ ತೀರ್ಕೊಳ್ತು?"

"ಯಾರು?"

"ಈ ಹಾಸಿಗೆ. ಪ್ರಾಣ ಇಲ್ಲ ಇದ್ರಲ್ಲಿ. ನೀವೇ ಮುಟ್ಟಿ ನೋಡಿ."

ಕ್ಯಾಪ್ಟನ್ ಮುಟ್ಟಿ ನೋಡಿದರು. ಟೋಪಿ ತೆಗೆದರು.

ಆಮೇಲೆ ಎಲ್ಲ ಚಕಚಕನೆ ನಡೆಯಿತು. ನಾದಿನಿ ಅಳತೆ ಕೂಗಿದಳು, ಸ್ಪ್ರಿಂಗು ಬರೆದುಕೊಂಡ, ಎಲ್ಲ ಮಂಚಗಳಿಗೂ ಹೊಸ ಹಾಸಿಗೆಯ ಆರ್ಡರ್ ಆಯಿತು. ನಮ್ಮ ಅಂಗಡಿಯದೊಂದು ಪದ್ಧತಿಯಿದೆ. ಆರ್ಡರ್ ಸಿಕ್ಕ ಗಳಿಗೆಯಲ್ಲೇ ಹಳೆಯ ಹಾಸಿಗೆಯನ್ನು ವ್ಯಾನಿಗೆ ಹಾಕಿಕೊಂಡು ಬಂದುಬಿಡಬೇಕು. "ಹಳೇದು ಮನೇಲಿದ್ರೆ ಗಿರಾಕಿ ಅದ್ರ ಮೇಲೆ ಮಲಗಿ ಮನಸ್ಸು ಬದಲಾಯಿಸ್ತಾನೆ" ಎನ್ನುತ್ತಾರೆ ಅತ್ತೆ. ಎಲ್ಲವನ್ನೂ ಹೊತ್ತೆವು. ನಾನೂ ಒಂದು ತುದಿ ಹಿಡಿದೆ. ಕ್ಯಾಪ್ಟನ್ ವ್ಯಾನಿಗೆ ಸಲ್ಯೂಟ್ ಹೊಡೆದು ಬೀಳ್ಕೊಟ್ಟರು.

ಏಪ್ರಿಲ್ 25, ಶುಕ್ರವಾರದಿಂದ ಎರಡು ರಾತ್ರಿಗೆ ಇಡೀ ಬಂಗಲೆ ನಮ್ಮದು ಎಂದು ಮಾತು ಮುಗಿಸಿದೆ. ತುದಿಯ ಕೋಣೆ ನನಗೆ. ಅಷ್ಟೊಂದು ಸಮಾಧಾನ ಈಚೆಗೆ ಆಗಿರಲಿಲ್ಲ. ತೀರಿಕೊಂಡ ಹಾಸಿಗೆಗಳ ರಾಶಿಯ ಮೇಲೆ ಕೂತು ಬಂದೆ. ದಾರಿಯಲ್ಲಿ ದೊಡ್ಡ ಸೇತುವೆಯಿದೆ ಎಂದಿದ್ದರು, ಕಾಣಲೇ ಇಲ್ಲ.

ಏಪ್ರಿಲ್ 8, ಮಂಗಳವಾರ

ಕ್ಯಾಪ್ಟನ್ ಆಫೀಸಿಗೆ ಫೋನ್ ಮಾಡಿದ್ದರು.

"ಮೇಡಂ, ನೀವೆಲ್ಲ ಇಪ್ಪತ್ತೈದಕ್ಕೆ ಬರ್ತಿದ್ದೀರಿ, ಬಹಳ ಸಂತೋಷ. ಒಂದೇ ಪ್ರಶ್ನೆ. ಯಾವುದರ ಮೇಲೆ ಮಲಗ್ತೀರಿ?"

ಆಮೇಲೆ ತಿಳಿಸುತ್ತೇನೆಂದು ಹೇಳಿ ಫೋನ್ ಇಟ್ಟೆ.

ಅತ್ತೆಗೆ ಫೋನ್ ಮಾಡಿದೆ. ದುಂಡು ಮೂಲೆಗಳನ್ನು ಕೈಯಲ್ಲೇ ಹೊಲಿಯಬೇಕು, ಮೇ ತಿಂಗಳ ನಡುವಿಗೆ ಮುಂಚೆ ಒಂದೂ ತಯಾರಾಗುವುದಿಲ್ಲ ಎಂದರು. ಹಳೆಯವನ್ನೇ ವಾಪಸು ಹಾಕೋಣವೇ ಎಂದೆ. ಸ್ಪ್ರಿಂಗು ಅವನ್ನೆಲ್ಲ ಬಿಚ್ಚಿ ಹತ್ತಿ ಹೊರಗೆ ತೆಗೆದಾಗಿದೆಯಂತೆ.

"ಅತ್ತೆ, ನಾವೇ ಮಲಗಬೇಕಾದ ಹಾಸಿಗೆಗಳನ್ನ ನಾವೇ ಹೊತ್ಕೊಂಡು ಬಂದಿದ್ದೀವಿ."

"ಆರ್ಡರ್ ಮಾತ್ರ ಒಳ್ಳೇದು ಕಣಮ್ಮ" ಎಂದರು.

ಅವರನ್ನು ಬೈಯಲು ನನಗೇನು ಹಕ್ಕಿದೆ? ಪ್ರತಿಯೊಂದು ಹಾಸಿಗೆಯ ಒಂದು ತುದಿ ನನ್ನ ಕೈಯಲ್ಲಿತ್ತು, ಕೋಷ್ಟಕ ಕಂಕುಳಲ್ಲಿತ್ತು. ನನಗೂ ಹೊಳೆಯಲಿಲ್ಲವಲ್ಲ! ಜಾಗ ಭದ್ರಪಡಿಸಿಕೊಂಡ ದಿನವೇ ಅದನ್ನು ಖಾಲಿ ಮಾಡಿ ಬರುವ ಬುದ್ಧಿ ಬೇರೆ ಯಾವ ಮನೆಯವರಿಗೆ ಬಂದೀತು?

ಏಪ್ರಿಲ್ 9, ಬುಧವಾರ

ಸಂಜೆ ಅಂಗಡಿಯಲ್ಲಿ ಸಭೆ. ಮುಂದಕ್ಕೆ ಹಾಕೋಣ ಎಂದೆ. ನಾದಿನಿ ಮಂಚದ ಮೇಲೆ ನಿಂತೇಬಿಟ್ಟಳು.

"ಊರಿಗೆಲ್ಲ ಹಾಸಿಗೆ ಕೊಡೋರು ನಾವು. ನಮಗೇ ಮಲಗೋಕೆ ಜಾಗ ಇಲ್ಲ ಅಂತ ಹೇಳ್ಕೊಂಡು ತಿರುಗೋದಾ ಅತ್ತಿಗೆ?" ಎಂದು ಕೈ ಬೀಸಿದಳು. ಬೀಸಿದ ಕೈ ಹಾಗೇ ನಿಂತಿತು. ಅವಳ ಕೈ ತೋರಿಸಿದತ್ತ ಎಲ್ಲರೂ ತಿರುಗಿದೆವು. ಉದ್ದಕ್ಕೂ ಅಗಲಕ್ಕೂ, ಹೊದಿಕೆ ಹಾಸಿ, ದಿಂಬು ಜೋಡಿಸಿ, ಮಾರಾಟಕ್ಕಿಟ್ಟ ಹಾಸಿಗೆಗಳು.

"ಅಯ್ಯೋ ನಮ್ಮ ಬುದ್ಧಿಯೇ!" ಎಂದರು ಅತ್ತೆ.

ಅಂಗಡಿಯಲ್ಲೇ ಸೇರುವುದೆಂದು ತೀರ್ಮಾನವಾಯಿತು. ಒಂದೇ ಹಾಲು.

ಏಪ್ರಿಲ್ 24, ಗುರುವಾರ

ನಾಳೆ.

ಪ್ರತಿ ವರ್ಷ ಕತ್ತಲೆ ನನ್ನನ್ನು ಕಾಪಾಡುತ್ತಿತ್ತು. ಕಣ್ಣು ಮುಚ್ಚಿದ ಹಾಗೆ ನಟಿಸಿ, ಬೆಳಕು ಹರಿಯುತ್ತಲೇ ಎದ್ದು ಕಾಫಿ ಮಾಡಿದರೆ ಹೊಗಳಿಕೆ. ಅಂಗಡಿಯಲ್ಲಿ ಕಳ್ಳರ ಭಯಕ್ಕೆ ಇಡೀ ರಾತ್ರಿ ದೀಪ ಉರಿಯುತ್ತದೆ. ಯಾರಾದರೂ ನೀರು ಕುಡಿಯಲು ಎದ್ದರೆ ಸಾಕು, ಪಿಳಿಪಿಳಿ ಕಣ್ಣು ಬಿಟ್ಟುಕೊಂಡಿರುವ ಹಿರಿಸೊಸೆ ಕಾಣುತ್ತಾಳೆ. ಜ್ವರ ಎನ್ನಲೇ? ಆಫೀಸಿನಲ್ಲಿ ತುರ್ತು ಕೆಲಸ ಎನ್ನಲೇ? ನಮ್ಮ ಹಾಸಿಗೆಗಳೇ ಸರಿಯಿಲ್ಲ ಎಂದುಕೊಂಡು ಅತ್ತೆ ನೊಂದುಕೊಂಡರೆ? ನನಗೆ ಹೆದರಿಕೆ ಅದೊಂದೇ.

ಒಂದು ದಾರಿಯಿದೆ. ಬೀದಿಗೆ ಕಾಣುವ ಗಾಜಿನ ಕಿಟಕಿಯಲ್ಲಿ ಪ್ರದರ್ಶನದ ಮಂಚವೊಂದಿದೆ. ಅದಕ್ಕೂ ಹಾಲಿಗೂ ನಡುವೆ ಪರದೆ, ಹೊರಗೆ ಶಟರು. ಅದನ್ನು ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಪುಸ್ತಕವೂ ಟಾರ್ಚೂ ಚೀಲಕ್ಕೆ ಹಾಕಿಕೊಂಡಿದ್ದೇನೆ.

ಏಪ್ರಿಲ್ 26, ಶನಿವಾರ, ಸಂಜೆ

ನನಗೆ ಸಿಟ್ಟು ಬಂದಿದೆ. ಒಬ್ಬರೂ ನನ್ನನ್ನು ಎಬ್ಬಿಸಲಿಲ್ಲ.

ನಿನ್ನೆ ಕಿಟಕಿಯ ಮಂಚದ ಮೇಲೆ ಒರಗಿ ಪುಸ್ತಕ ಕೈಗೆತ್ತಿಕೊಂಡೆ. ಪರದೆಯಾಚೆ ದಿಂಬಿಗಾಗಿ ಅತ್ತೆಗೂ ನಾದಿನಿಗೂ ಜಗಳ. ಸ್ಪ್ರಿಂಗು ಎಲ್ಲರಿಗೂ ಮಾತಾಡುವ ಹತ್ತಿಯ ಕಥೆ ಹೇಳುತ್ತಿದ್ದ. ನನ್ನ ಗಂಡ "ನನಗೇನೋ ಈ ಹಾಸಿಗೆ ಸ್ವಲ್ಪ…" ಎಂದು ನಿಲ್ಲಿಸಿದರು. ಈ ಗಲಾಟೆ ಮುಗಿಯಲಿ, ಆಮೇಲೆ ಪುಟ ತೆರೆಯೋಣ ಎಂದುಕೊಂಡೆ. ಗಲಾಟೆ ಯಾವಾಗ ಮುಗಿಯಿತೋ ತಿಳಿಯದು.

ಕಣ್ಣು ಬಿಟ್ಟರೆ ಮುಖದ ಮೇಲೆ ಬಿಸಿಲು. ಶಟರು ಮೇಲೆ. ಗಾಜಿನಾಚೆ ಬಸ್ ನಿಲ್ದಾಣದ ಜನವೆಲ್ಲ ನನ್ನನ್ನೇ ನೋಡುತ್ತಿದ್ದಾರೆ. ಒಬ್ಬ ಅಂಚೆಯವನು ತಲೆ ಓರೆ ಮಾಡಿಕೊಂಡು, ಒಬ್ಬ ಹೆಂಗಸು ತರಕಾರಿ ಚೀಲ ಎದೆಗೊತ್ತಿಕೊಂಡು. ನನ್ನ ಬಾಯಿ ತೆರೆದಿತ್ತು. ಒಂದು ಕಾಲು ಹೊದಿಕೆಯ ಹೊರಗಿತ್ತು. ಶನಿವಾರ ಅಂಗಡಿ ತೆರೆಯುವ ಅಭ್ಯಾಸದಲ್ಲಿ ಅತ್ತೆ ಶಟರು ಎತ್ತಿಬಿಟ್ಟಿದ್ದರು. ಎತ್ತಿದ ಮೇಲೆ ನನ್ನನ್ನು ನೋಡಿದರಂತೆ. ನೋಡಿದ ಮೇಲೆ ಇಳಿಸಿದರೆ ಸದ್ದಿಗೆ ಎಚ್ಚರವಾದೀತೆಂದು ಹಾಗೇ ಬಿಟ್ಟರಂತೆ.

ಒಳಗೆ ಗಿರಾಕಿಗಳು ಕಿಕ್ಕಿರಿದಿದ್ದರು. ಅತ್ತೆ ಬಾಯಿ ಮೇಲೆ ಬೆರಳಿಟ್ಟುಕೊಂಡು, "ಮೆಲ್ಲಗೆ ಮಾತಾಡಿ, ನಮ್ಮ ಸೊಸೆ ಮಲಗಿದ್ದಾಳೆ" ಎನ್ನುತ್ತಿದ್ದರು.

"ನಮಗೂ ಅದೇ ಹಾಸಿಗೆ ಬೇಕು."

"ಅಯ್ಯೋ, ಅದು ಬರೀ ಶೋಗೆ ಇಟ್ಟಿರೋದು. ಒಳಗೆ ರಟ್ಟು, ಪ್ಯಾಕಿಂಗ್ ಕಾಗದ."

"ಒಳ್ಳೆ ಮಾಲನ್ನ ಬಚ್ಚಿಡ್ತಿದ್ದೀರಿ ನೀವು" ಎಂದು ದಪ್ಪ ಮೀಸೆಯ ಗಂಡಸೊಬ್ಬರು ರೇಗಿದರು. ಎಲ್ಲೋ ನೋಡಿದ ಮುಖ ಎನ್ನಿಸಿತು. ಅವರ ಕೈಯಲ್ಲಿ ನಮ್ಮ ಅಂಗಡಿಯ ಕಾರ್ಡಿತ್ತು.

ತಿಂಡಿ ಮುಗಿದಿತ್ತು. ನಾನು ಯೋಜಿಸಿದ್ದ ಆಟಗಳೂ ಮುಗಿದಿದ್ದವು. ನನ್ನ ಮಂಚದ ಸುತ್ತ ನಿಂತು, ನನ್ನನ್ನು ನಡುವೆ ಇಟ್ಟುಕೊಂಡು, ಗುಂಪಿನ ಫೋಟೋ ಕೂಡ ತೆಗೆಸಿಕೊಂಡಿದ್ದರು. ಊಟಕ್ಕೆ ತಟ್ಟೆ ಹಾಕುವ ಹೊತ್ತು ಅದು.

"ಯಾಕೆ ಎಬ್ಬಿಸಲಿಲ್ಲ ಅತ್ತೆ?" ಎಂದು ಕೇಳಿದೆ.

"ಎಬ್ಬಿಸೋದಾ? ಎಷ್ಟು ವರ್ಷದಿಂದ ಕಾಯ್ತಾ ಇದ್ದೀನಿ!"

ಅವರು ದಿಂಬಿಗೆ ಗವಸು ಹಾಕುತ್ತ, ನನ್ನ ಕಡೆ ನೋಡದೆ ಹೇಳಿದರು. "ನಿಮ್ಮ ಮನೆಯಿಂದ ಹಳೇ ಹಾಸಿಗೆ ವಾಪಸ್ ಬರುತ್ತಲ್ಲ. ಒಂದು ಕಡೆ ನನ್ನ ಮಗ ಎಮ್ಮೆ ಹಾಗೆ ಮಲಗಿ ಗುಂಡಿ ಬಿದ್ದಿರುತ್ತೆ. ಇನ್ನೊಂದು ಕಡೆ ಹೊಸದರ ಹಾಗೇ ಇರುತ್ತೆ, ಅಂಚು ಮಾತ್ರ ಕುಸಿದಿರುತ್ತೆ. ಮಲಗೋರು ಅಂಚು ಕೆಡಿಸಲ್ಲಮ್ಮ. ಕೂತಿರೋರು ಕೆಡಿಸ್ತಾರೆ."

"ಗೊತ್ತಿದ್ರೂ ಕೇಳ್ಲಿಲ್ಲವಾ?"

"ನೀನಾಗೇ ಹೇಳ್ತೀಯ ಅಂತಿದ್ದೆ. ನೀನು ಹೇಳ್ಲಿಲ್ಲ. ನಾನು ಹಾಸಿಗೆ ಬದಲಾಯಿಸ್ದೆ. ನನಗೆ ಗೊತ್ತಿರೋ ಔಷಧಿ ಅದೊಂದೇ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಹುಡುಕುತ್ತಿದ್ದೇನೆ. ಸಿಟ್ಟಿನಲ್ಲಿ ಶುರುಮಾಡಿದ್ದು ಇದು, ಹೀಗೇಕೆ ಮುಗಿಯುತ್ತಿದೆ?

ಏಪ್ರಿಲ್ 30, ಬುಧವಾರ

ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ಹಾಸಿಗೆಯ ಗುಣ ಎನ್ನೋಣವೆಂದರೆ ಒಳಗಿರುವುದು ರಟ್ಟು. ಬೀದಿಯ ಗಾಳಿಯಿರಬಹುದೇ? ಶಟರಿನ ಕಬ್ಬಿಣದ ವಾಸನೆ? ವೈಜ್ಞಾನಿಕವಾಗಿ ಯಾವುದೂ ಹೊಂದುತ್ತಿಲ್ಲ. ಸ್ಪ್ರಿಂಗುವನ್ನು ಕರೆದು ಅವನ ಅಡ್ಡದಾರಿಯ ಬಗ್ಗೆ ಕೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಡ್ಡದಾರೀನಾ ಅತ್ತಿಗೆ? ನಿಮಗೆ ಎಚ್ಚರ ಆಗಬಾರದು ಅಂತ ಅಮ್ಮ ಪ್ರತಿ ಸಲಾನೂ ಊರೆಲ್ಲ ಸುತ್ತಿಸ್ತಿದ್ರು! ನಮಗೆ ಮಾತ್ರ ಜೋರಾಗಿ ಜಗಳ ಆಡ್ತಾ ಇರಿ, ನಿಲ್ಲಿಸಬೇಡಿ ಅಂತ ಅಪ್ಪಣೆ."

ಅವನಿಗೆ ತಮಾಷೆ ಜಾಸ್ತಿ. ನಂಬಬೇಕೋ ಬೇಡವೋ ತಿಳಿಯಲಿಲ್ಲ.

ನಾದಿನಿಯ ಸಂಭ್ರಮ ಹೇಳತೀರದು. ಈ ಸಲ ಎಲ್ಲರಿಗಿಂತ ಕೊನೆಗೆ ಎದ್ದವಳು ನಾನು. ನಿಯಮದ ಪ್ರಕಾರವೇ, ಮುಂದಿನ ವರ್ಷದ ಜಾಗವನ್ನೂ ನಾನೇ ಹುಡುಕಬೇಕು. ಹೊಸ ಕೋಷ್ಟಕ ಹಾಕಿದ್ದೇನೆ. ಒಂದೇ ಹಾಲು ಇರಬೇಕು, ಪ್ರತ್ಯೇಕ ಕೋಣೆಗಳಾದರೆ ಎಲ್ಲರನ್ನೂ ಊಟಕ್ಕೆ ಕೂಗುವುದು ಕಷ್ಟ. ಅಡ್ಡಗೋಡೆಗಳಿದ್ದರೂ ತೆಳುವಾಗಿರಲಿ, ಗಾಳಿಯಾಡುತ್ತದೆ. 'ಹಾಸಿಗೆ' ಎಂಬ ಕಾಲಮು ಈ ಸಲ ಮರೆತಿಲ್ಲ. ನೋಡಲು ಹೋಗುವುದು ವ್ಯಾನಿನಲ್ಲೇ, ಹಿಂದಿನ ಜಾಗ ನನ್ನದು. ಸಾಧ್ಯವಾದಷ್ಟು ದೂರದ ಜಾಗಗಳನ್ನೇ ಗುರುತು ಹಾಕಿದ್ದೇನೆ.

ನಿನ್ನೆ ರಾತ್ರಿ ನಮ್ಮ ಮನೆ ತುಂಬಾ ನಿಶ್ಶಬ್ದ ಎನ್ನಿಸಿತು. ಏನಾದರೂ ಮಾತಾಡಿ ಎಂದು ಗಂಡನಿಗೆ ಹೇಳಿದೆ. "ಮುಂದಿನ ವರ್ಷ ಕ್ಯಾಪ್ಟನ್ ಬಂಗಲೆಗೇ ನಾವೆಲ್ಲ…" ಎಂದು ಶುರುಮಾಡಿದರು. ಆಮೇಲೆ ಗೊರಕೆ ಕೇಳಿಸಿದ ನೆನಪಿಲ್ಲ. ಈ ಸಲ ವಾಕ್ಯವನ್ನು ಅವರು ಪೂರ್ತಿ ಮಾಡಿದ್ದರೂ ಮಾಡಿರಬಹುದು. ಕೇಳಿ, ಅದನ್ನೂ ಕೋಷ್ಟಕಕ್ಕೆ ಸೇರಿಸಬೇಕು.

ಕೋಷ್ಟಕವನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವುದು: ಮೇ 5, ಸೋಮವಾರ.